ಲೋಕಕ್ಕೊಬ್ಬ ಪೊಲೀಸ್ ಬೇಕೇ? ಕೊಲ್ಲಿ ಪ್ರದೇಶದ ಕಾವಲು ಮತ್ತು ಅದರ ಲೆಕ್ಕಪತ್ರ

ಪಣಂಬೂರಿನ ನವಮಂಗಳೂರು ಬಂದರಿನ ಸಮೀಪ ಕುದುರೆಮುಖ ಕಂಪನಿಯ ಪೆಲೆಟ್ ಸ್ಥಾವರವಿದೆ. ಕಬ್ಬಿಣದ ಅದಿರಿನ ನುಣುಪಾದ ಪುಡಿಯನ್ನು ಉಂಡೆ ಕಟ್ಟಿ ಉಕ್ಕಿನ ಕಾರ್ಖಾನೆಗಳಿಗೆ ಒದಗಿಸುವುದು ಇದರ ಕೆಲಸ. ಗಣಿಯ ಮೂಲ ಯೋಜನೆಯು ಬೇರೆಯೇ ಇದ್ದಿತು. ಸಂಸ್ಕರಿಸಿದ ಅದಿರನ್ನು ಹಡಗಿಗೆ ತುಂಬಿ ನೇರವಾಗಿ ಇರಾನಿಗೆ ಕಳುಹಿಸಬೇಕಾಗಿತ್ತು. 1980ರಲ್ಲಿ ಗಣಿಯು ಸಕಾಲದಲ್ಲಿ ಸಿದ್ಧವಾಯಿತು. ಆದರೆ ಇರಾನ್ ಒಂದು ಟನ್ ಅದಿರನ್ನೂ ಎತ್ತಲಿಲ್ಲ. ಕೊಲ್ಲಿ ಪ್ರದೇಶದ ಕಾವಲಿಗೆಂದು ಬಲಿಷ್ಠ ರಾಷ್ಟ್ರವೊಂದು ನೆಚ್ಚಿಕೊಂಡಿದ್ದ ದೊರೆಯು ಅದಕ್ಕೆ ಹಿಂದಿನ ವರ್ಷವೇ ದೇಶ ಬಿಟ್ಟು ಹೋಗಿದ್ದನು.

ಬಲಿಷ್ಠ ರಾಷ್ಟ್ರವೊಂದು ಜಗತ್ತಿನ ಪೊಲೀಸನಂತೆ ವರ್ತಿಸುವುದು ಸರಿಯೇ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ರಾಜಕೀಯದ ಅಥವಾ ನೀತಿಯ ದೃಷ್ಟಿಯಿಂದ ಚರ್ಚಿಸಲಾಗುತ್ತದೆ. ವಾಣಿಜ್ಯಕ್ಕೆ ಸಂಬಂಧಿಸಿದವರು ಇದೇ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಕೇಳಬಹುದು. ಈ ಕಾವಲಿನ ಖರ್ಚನ್ನು ಭರಿಸುವವರು ಯಾರು? ಇದರ ಲಾಭ ಪಡೆಯುವವರು ಯಾರು? ತಪ್ಪಾದಾಗ ನಷ್ಟ ಯಾರ ಪಾಲಿಗೆ ಬರುತ್ತದೆ? ಎಲ್ಲಕ್ಕಿಂತ ಮುಖ್ಯವಾಗಿ, ಪೊಲೀಸನ ಲೆಕ್ಕವನ್ನು ಪರಿಶೋಧಿಸುವವರು ಯಾರು? ಕೊಲ್ಲಿ ಪ್ರದೇಶದ ಸುಮಾರು ಅರವತ್ತು ವರ್ಷಗಳ ಇತಿಹಾಸವು ಈ ನಾಲ್ಕೂ ಪ್ರಶ್ನೆಗಳಿಗೆ ಉತ್ತರ ಒದಗಿಸುತ್ತದೆ.

ಹುದ್ದೆಯ ಹುಟ್ಟು: ಸಾಲ ವಸೂಲಿ

‘ಅಂತಾರಾಷ್ಟ್ರೀಯ ಪೊಲೀಸ್ ಅಧಿಕಾರ’ ಎಂಬ ಮಾತು ಹುಟ್ಟಿದ್ದೇ ಒಂದು ಹಣಕಾಸಿನ ವಿವಾದದಿಂದ. ವೆನೆಜುವೆಲಾ ದೇಶವು ವಿದೇಶೀ ಸಾಲದ ಮರುಪಾವತಿಯನ್ನು ನಿಲ್ಲಿಸಿದಾಗ, 1902ರ ಡಿಸೆಂಬರಿನಲ್ಲಿ ಬ್ರಿಟನ್, ಜರ್ಮನಿ ಮತ್ತು ಇಟಲಿಯ ಯುದ್ಧನೌಕೆಗಳು ಅದರ ಬಂದರುಗಳನ್ನು ದಿಗ್ಬಂಧಿಸಿದವು. ವಿವಾದವು ಹೇಗ್ ನಗರದ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಹೋಯಿತು. ಬಲಪ್ರಯೋಗ ಮಾಡಿದ ಆ ಮೂರು ದೇಶಗಳ ಬಾಕಿಗೇ ಆದ್ಯತೆ ಸಲ್ಲಬೇಕೆಂದು ನ್ಯಾಯಾಲಯವು 1904ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಅಂದರೆ, ನೌಕೆ ಕಳುಹಿಸಿದವನಿಗೆ ಅಡಮಾನವುಳ್ಳ ಸಾಲದಾತನ ಸ್ಥಾನವೂ ಸುಮ್ಮನಿದ್ದವನಿಗೆ ಸಾಮಾನ್ಯ ಸಾಲದಾತನ ಸ್ಥಾನವೂ ಲಭಿಸಿದಂತಾಯಿತು.

ಈ ತೀರ್ಪಿನ ಬಳಿಕ ಯೂರೋಪಿನ ದೇಶಗಳು ಮತ್ತೆ ಮತ್ತೆ ನೌಕೆಗಳೊಡನೆ ಬಂದಾವೆಂಬ ಆತಂಕ ಅಮೆರಿಕಕ್ಕೆ ಉಂಟಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ತಮ್ಮ ಸಂಸತ್ತಿಗೆ ಕಳುಹಿಸಿದ ಸಂದೇಶದಲ್ಲಿ, ನೆರೆಯ ದೇಶಗಳು ತಮ್ಮ ಹೊಣೆ ನಿರ್ವಹಿಸದಿದ್ದರೆ ಅಮೆರಿಕವೇ ಅಲ್ಲಿ ಪೊಲೀಸ್ ಅಧಿಕಾರ ಚಲಾಯಿಸಬೇಕಾದೀತೆಂದು ಸಾರಿದರು. 1905ರಲ್ಲಿ ಡೊಮಿನಿಕನ್ ಗಣರಾಜ್ಯದ ಸುಂಕದ ಕಟ್ಟೆಗಳನ್ನು ಅಮೆರಿಕದ ಅಧಿಕಾರಿಗಳು ವಹಿಸಿಕೊಂಡರು. ವಸೂಲಾದ ಸುಂಕದಲ್ಲಿ ಶೇಕಡಾ 55ನ್ನು ಸಾಲದಾತರಿಗಾಗಿ ತೆಗೆದಿರಿಸಿ ಶೇಕಡಾ 45ನ್ನು ಆ ದೇಶದ ಸರ್ಕಾರಕ್ಕೆ ಕೊಡುವ ಏರ್ಪಾಡಾಯಿತು. ಆರಂಭದಲ್ಲಿ ಇದು ಅಚ್ಚುಕಟ್ಟಾದ ವ್ಯವಸ್ಥೆಯೆಂದೇ ತೋರಿತು. ಆದರೆ 1916ರಲ್ಲಿ ಸೇನೆಯೇ ಇಳಿದು ಎಂಟು ವರ್ಷಗಳ ಕಾಲ ಅಲ್ಲಿ ಬೀಡುಬಿಟ್ಟಿತು. ಸುಂಕದ ಮೇಲ್ವಿಚಾರಣೆ ಕೊನೆಗೊಂಡದ್ದು 1941ರಲ್ಲಿ. ಗುಮಾಸ್ತನಾಗಿ ಬಂದವನು ಯಜಮಾನನಾಗಿ ನಿಂತ ಈ ಪ್ರಸಂಗವು ಮುಂದಿನ ಅನೇಕ ಪ್ರಸಂಗಗಳಿಗೆ ಮುನ್ನುಡಿಯಾಯಿತು.

ಹಳೆಯ ಕಾವಲುಗಾರ ಹೋದ, ಹೊಸಬ ಬಂದ

ಕೊಲ್ಲಿಯ ಸಮುದ್ರವನ್ನು 1820ರ ಒಪ್ಪಂದದಿಂದ ಮೊದಲ್ಗೊಂಡು ಕಾಯುತ್ತಿದ್ದುದು ಬ್ರಿಟನ್. 1947ರವರೆಗೆ ಈ ಕಾವಲಿನ ಆಡಳಿತವು ಬ್ರಿಟಿಷ್ ಭಾರತದ ಸರ್ಕಾರಕ್ಕೆ ಸೇರಿದ್ದು, ಖರ್ಚಿನ ಒಂದು ಭಾಗವು ಭಾರತದ ಬೊಕ್ಕಸದಿಂದಲೇ ಹೋಗುತ್ತಿತ್ತು. ಮತ ಹಾಕುವ ಹಕ್ಕಿಲ್ಲದವರು ಹಣ ತೆರುವ ಪರಿಪಾಠ ಹೊಸದೇನಲ್ಲ.

1967ರ ನವೆಂಬರಿನಲ್ಲಿ ಬ್ರಿಟನ್ ತನ್ನ ಪೌಂಡಿನ ಬೆಲೆಯನ್ನು 2.80 ಡಾಲರಿನಿಂದ 2.40 ಡಾಲರಿಗೆ ಇಳಿಸಬೇಕಾಯಿತು. ಎರಡೇ ತಿಂಗಳಲ್ಲಿ, 1968ರ ಜನವರಿಯಲ್ಲಿ, ಪ್ರಧಾನಿ ಹೆರಾಲ್ಡ್ ವಿಲ್ಸನ್ ಸೂಯೆಜ್‌ನ ಪೂರ್ವದಲ್ಲಿರುವ ಸೇನೆಯನ್ನು 1971ರ ಅಂತ್ಯದೊಳಗೆ ಹಿಂತೆಗೆಯುವುದಾಗಿ ಪ್ರಕಟಿಸಿದರು. ಸೇನೆ ಉಳಿಯುವುದಾದರೆ ಖರ್ಚು ತಾವೇ ಕೊಡುವುದಾಗಿ ಕೊಲ್ಲಿಯ ಅರಸರು ಮುಂದೆ ಬಂದರೂ ಬ್ರಿಟನ್ ಒಪ್ಪಲಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಪೊಲೀಸನನ್ನು ಯಾವ ಶತ್ರುವೂ ಓಡಿಸಲಿಲ್ಲ. ಆತನ ಆದಾಯ-ವೆಚ್ಚದ ಪಟ್ಟಿಯೇ ಆತನನ್ನು ಮನೆಗೆ ಕಳುಹಿಸಿತು.

ತೆರವಾದ ಜಾಗಕ್ಕೆ ತಾನೇ ಹೋಗಲು ಅಮೆರಿಕ ಆಗ ಸಿದ್ಧವಿರಲಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಅದು ಸೋತು ಸುಣ್ಣವಾಗಿತ್ತು. ಆಯಾ ಪ್ರದೇಶದ ಮಿತ್ರರಾಷ್ಟ್ರವೇ ಕಾವಲಿನ ಭಾರ ಹೊರಬೇಕೆಂಬುದು ಅಧ್ಯಕ್ಷ ನಿಕ್ಸನ್ ಅವರ ಧೋರಣೆಯಾಗಿತ್ತು. ಅದರಂತೆ ಇರಾನಿನ ಷಾ ಕೊಲ್ಲಿಯ ಕಾವಲುಗಾರನಾದನು. 1972ರ ಮೇ ತಿಂಗಳಿನಲ್ಲಿ ಟೆಹರಾನಿಗೆ ಭೇಟಿಯಿತ್ತ ನಿಕ್ಸನ್, ಅಣ್ವಸ್ತ್ರವೊಂದನ್ನು ಬಿಟ್ಟು ಬೇಕಾದ ಆಯುಧಗಳನ್ನೆಲ್ಲ ಮಾರಲು ಒಪ್ಪಿದರು. 1973-74ರಲ್ಲಿ ತೈಲದ ಬೆಲೆ ಪೀಪಾಯಿಗೆ ಸುಮಾರು 3 ಡಾಲರಿನಿಂದ 12 ಡಾಲರಿನ ಸಮೀಪಕ್ಕೆ ಏರಿದ್ದರಿಂದ ಷಾನ ಕೈಯಲ್ಲಿ ಹಣವೂ ತುಂಬಿ ತುಳುಕಿತು.

ಕುದುರೆಮುಖ ಯೋಜನೆಯು ಈ ಹಣದ ಕೂಸು. 1975ರಲ್ಲಿ ಭಾರತ ಮತ್ತು ಇರಾನ್ ಒಪ್ಪಂದ ಮಾಡಿಕೊಂಡವು. ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ಪ್ರತಿಫಲವಾಗಿ ವರ್ಷಕ್ಕೆ 75 ಲಕ್ಷ ಟನ್ ಸಂಸ್ಕರಿಸಿದ ಅದಿರನ್ನು ತನ್ನ ಉಕ್ಕಿನ ಕಾರ್ಖಾನೆಗಳಿಗೆ ಪಡೆಯುವುದು ಎಂಬುದು ಅದರ ಸಾರಾಂಶ. 1976ರ ಏಪ್ರಿಲಿನಲ್ಲಿ ಕಂಪನಿ ಸ್ಥಾಪನೆಯಾಯಿತು. ಘಟ್ಟದ ಮೇಲಿನಿಂದ ಪಣಂಬೂರಿನವರೆಗೆ 67 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗ ಸಿದ್ಧವಾಯಿತು. ಸಾಲದ ಕಂತುಗಳಲ್ಲಿ 25.5 ಕೋಟಿ ಡಾಲರ್ ಬಂದ ಬಳಿಕ ಇರಾನ್ ಹಣ ನಿಲ್ಲಿಸಿತು. 1979ರ ಜನವರಿಯಲ್ಲಿ ಷಾ ದೇಶ ತೊರೆದನು. ಉಳಿದ ಹಣವನ್ನು ಭಾರತ ಸರ್ಕಾರವೇ ತೊಡಗಿಸಿ ಕಾಮಗಾರಿಯನ್ನು ಪೂರೈಸಿತು. ಒಬ್ಬನೇ ಗ್ರಾಹಕನನ್ನು ನಂಬಿ ಕಟ್ಟಿದ ಗಣಿಗೆ ಗ್ರಾಹಕನೇ ಇಲ್ಲದಂತಾದಾಗ, 1981ರಲ್ಲಿ ಮಂಗಳೂರಿನಲ್ಲಿ ಪೆಲೆಟ್ ಸ್ಥಾವರ ಕಟ್ಟಲು ಸರ್ಕಾರ ಮಂಜೂರಾತಿ ನೀಡಿತು. ಅದು 1987ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತು. ದೂರದ ವಾಷಿಂಗ್ಟನ್ನಿನಲ್ಲಿ ಮಾಡಿದ ಒಂದು ನೇಮಕಾತಿಯು ವಿಫಲವಾದಾಗ ಅದರ ನಷ್ಟದ ಒಂದು ಬಾಬು ಹೀಗೆ ಚಿಕ್ಕಮಗಳೂರು ಜಿಲ್ಲೆಯ ಗುಡ್ಡದ ಲೆಕ್ಕಕ್ಕೆ ಬಿತ್ತು. (ಪರಿಸರದ ಕಾರಣದಿಂದ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಯಲ್ಲಿ ಅಲ್ಲಿಯ ಗಣಿಗಾರಿಕೆ ನಿಂತುಹೋದದ್ದು ಬೇರೆಯೇ ಅಧ್ಯಾಯ.)

ಒಂದೇ ನೆಲ, ಎರಡು ಯುದ್ಧ, ಎರಡು ಲೆಕ್ಕ

1980ರ ಜನವರಿಯಲ್ಲಿ ಅಧ್ಯಕ್ಷ ಕಾರ್ಟರ್, ಕೊಲ್ಲಿಯ ಮೇಲೆ ಹೊರಗಿನ ಶಕ್ತಿಗಳು ಹಿಡಿತ ಸಾಧಿಸಲು ಹೊರಟರೆ ಸೇನಾಬಲದಿಂದ ತಡೆಯುವುದಾಗಿ ಘೋಷಿಸಿದರು. ಅಲ್ಲಿಂದ ಮುಂದೆ ಅಮೆರಿಕವೇ ನೇರವಾಗಿ ಪೊಲೀಸನ ಸಮವಸ್ತ್ರ ಧರಿಸಿತು. ಇರಾನ್-ಇರಾಕ್ ಯುದ್ಧ ಕಾಲದಲ್ಲಿ, 1987-88ರಲ್ಲಿ, ಕುವೈತಿನ ತೈಲ ಹಡಗುಗಳಿಗೆ ತನ್ನ ಧ್ವಜ ಹಾಕಿಸಿ ಬೆಂಗಾವಲು ಕೊಟ್ಟಿತು. ತೈಲ ಸಾಗಣೆ ನಿಲ್ಲಲಿಲ್ಲ ಎಂಬುದು ಆ ಕಾವಲಿನ ಜಮಾ ಬಾಬು. ಖರ್ಚಿನ ಬಾಬೂ ಇದೆ: 1988ರ ಜುಲೈ 3ರಂದು ಅಮೆರಿಕದ ಯುದ್ಧನೌಕೆಯೊಂದು ಇರಾನಿನ ಪ್ರಯಾಣಿಕ ವಿಮಾನವನ್ನು ಯುದ್ಧವಿಮಾನವೆಂದು ಭ್ರಮಿಸಿ ಹೊಡೆದುರುಳಿಸಿತು. 290 ಮಂದಿ ಸತ್ತರು. ಅವರಲ್ಲಿ ಭಾರತೀಯರೂ ಇದ್ದರು. ಇರಾನ್ ಅಂತಾರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿದ ಬಳಿಕ, 1996ರಲ್ಲಿ, ಮೃತ ಇರಾನಿಯರ ಕುಟುಂಬಗಳಿಗೆ 6.18 ಕೋಟಿ ಡಾಲರ್ ಕೊಡಲು ಅಮೆರಿಕ ಒಪ್ಪಿತಾದರೂ ಹೊಣೆಯನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ.

1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ಈ ಸಂದರ್ಭದಲ್ಲಿ ಪೊಲೀಸ್ ಕಾರ್ಯಕ್ಕೆ ವಾರಂಟ್ ಇತ್ತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ನವೆಂಬರ್ 29ರಂದು 678ನೆಯ ನಿರ್ಣಯದ ಮೂಲಕ, ಜನವರಿ 15ರೊಳಗೆ ಇರಾಕ್ ತೆರಳದಿದ್ದರೆ ಬಲ ಪ್ರಯೋಗಿಸಬಹುದೆಂದು ಅನುಮತಿಯಿತ್ತಿತು. ಅಮೆರಿಕ ಲೆಕ್ಕ ತೋರಿಸಿದ ಹೆಚ್ಚುವರಿ ಖರ್ಚು ಸುಮಾರು 6,100 ಕೋಟಿ ಡಾಲರ್. ಇದರಲ್ಲಿ ಸುಮಾರು 5,400 ಕೋಟಿಯನ್ನು ಸೌದಿ ಅರೇಬಿಯಾ, ಕುವೈತ್, ಜಪಾನ್, ಜರ್ಮನಿ ಮೊದಲಾದ ದೇಶಗಳು ಭರಿಸಿದವು. ಗುರಿ ಸೀಮಿತವಾಗಿತ್ತು; ಕುವೈತ್ ಬಿಡುಗಡೆಯಾದೊಡನೆ ಯುದ್ಧವೂ ನಿಂತಿತು. ನಷ್ಟ ಹೊಂದಿದವರಿಗಾಗಿ ವಿಶ್ವಸಂಸ್ಥೆಯ ಪರಿಹಾರ ಆಯೋಗ ರಚನೆಯಾಯಿತು. ಅದರ ಮುಂದೆ ಬಂದ ಬೇಡಿಕೆಗಳ ಒಟ್ಟು ಮೊತ್ತ ಸುಮಾರು 35,250 ಕೋಟಿ ಡಾಲರ್. ಪರಿಶೀಲನೆಯ ನಂತರ ಮಂಜೂರಾದದ್ದು 5,240 ಕೋಟಿ. ಇರಾಕಿನ ತೈಲದ ಆದಾಯದಿಂದ ಕಂತುಕಂತಾಗಿ ಪಾವತಿಯಾಗಿ, 2022ರ ಜನವರಿಯಲ್ಲಿ ಕೊನೆಯ ಕಂತು ಸಂದಿತು. ಕುವೈತಿನಿಂದ ಉಟ್ಟ ಬಟ್ಟೆಯಲ್ಲಿ ಹಿಂದಿರುಗಿದ್ದ ಭಾರತೀಯ ನೌಕರರಿಗೂ ಈ ಆಯೋಗದಿಂದ ಪರಿಹಾರ ಬಂದಿತು.

ಭಾರತಕ್ಕೆ ಈ ಯುದ್ಧ ಅಗ್ಗವಾಗೇನೂ ಇರಲಿಲ್ಲ. ಸುಮಾರು 1.7 ಲಕ್ಷ ಮಂದಿಯನ್ನು ವಿಮಾನದಲ್ಲಿ ಕರೆತರಬೇಕಾಯಿತು. ತೈಲದ ಬೆಲೆ ಏರಿತು, ಹೊರದೇಶದಿಂದ ಬರುವ ಹಣ ತಗ್ಗಿತು. ಮೊದಲೇ ಸೊರಗಿದ್ದ ವಿದೇಶೀ ವಿನಿಮಯ ಬರಿದಾಗಿ, 1991ರಲ್ಲಿ ದೇಶದ ಚಿನ್ನ ಅಡವಿಡುವ ಸ್ಥಿತಿ ಬಂದುದು ಹಿರಿಯ ಉದ್ಯಮಿಗಳಿಗೆ ನೆನಪಿರುತ್ತದೆ.

2003ರ ಮಾರ್ಚಿನಲ್ಲಿ ಇರಾಕಿನ ಮೇಲೆ ನಡೆದ ಎರಡನೆಯ ಯುದ್ಧದ ಲೆಕ್ಕ ಬೇರೆ. ಬಲಪ್ರಯೋಗಕ್ಕೆ ಸ್ಪಷ್ಟವಾದ ಹೊಸ ನಿರ್ಣಯವನ್ನು ಭದ್ರತಾ ಮಂಡಳಿ ಕೊಡಲಿಲ್ಲ. ದೂರು ಕೊಟ್ಟವನು, ತನಿಖೆ ಮಾಡಿದವನು, ತೀರ್ಪಿತ್ತವನು, ಶಿಕ್ಷೆ ಜಾರಿ ಮಾಡಿದವನು, ಎಲ್ಲರೂ ಒಬ್ಬರೇ ಆದರು. ಸಮೂಹನಾಶಕ ಅಸ್ತ್ರಗಳ ದಾಸ್ತಾನಿದೆಯೆಂಬುದು ಮುಖ್ಯ ಆರೋಪವಾಗಿತ್ತು; ಅಂಥ ದಾಸ್ತಾನು ಇರಲಿಲ್ಲವೆಂದು ಅಮೆರಿಕವೇ ನೇಮಿಸಿದ ಶೋಧನಾ ತಂಡವು 2004ರಲ್ಲಿ ವರದಿ ಮಾಡಿತು. ಯುದ್ಧಕ್ಕೆ ಮೊದಲು ಅಮೆರಿಕದ ಆಯವ್ಯಯ ಇಲಾಖೆಯ ಮುಖ್ಯಸ್ಥರು ಹೇಳಿದ ಅಂದಾಜು 5,000ದಿಂದ 6,000 ಕೋಟಿ ಡಾಲರ್. 2014ರ ವೇಳೆಗೆ ಅಮೆರಿಕದ ಸಂಸತ್ತು ಇರಾಕಿಗಾಗಿ ಮಂಜೂರು ಮಾಡಿದ್ದ ಹಣ ಸುಮಾರು 81,500 ಕೋಟಿ ಡಾಲರ್. ಅಮೆರಿಕದ ನಾಲ್ಕು ಸಾವಿರಕ್ಕೂ ಹೆಚ್ಚು ಸೈನಿಕರೂ ಲಕ್ಷಕ್ಕೂ ಮೀರಿದ ಇರಾಕಿ ನಾಗರಿಕರೂ ಪ್ರಾಣ ತೆತ್ತರು. ಈ ಬಾಬಿಗೆ ಯಾವ ಖಾತೆಯಲ್ಲೂ ಬೆಲೆ ಕಟ್ಟಲಾಗದು.

ಲೆಕ್ಕಪರಿಶೋಧನೆಯ ವಿಷಯವನ್ನಂತೂ ಹೇಳಲೇಬೇಕು. ಇರಾಕಿನ ತೈಲ ಮೊದಲಾದ ಮೂಲಗಳ ಹಣದಲ್ಲಿ 880 ಕೋಟಿ ಡಾಲರನ್ನು ಅಮೆರಿಕದ ನೇತೃತ್ವದ ಆಡಳಿತವು ಇರಾಕಿ ಸಚಿವಾಲಯಗಳಿಗೆ ವಿತರಿಸಿತ್ತು. ಅದು ಸರಿಯಾಗಿ ವಿನಿಯೋಗವಾಯಿತೆಂಬ ಭರವಸೆ ಇಲ್ಲವೆಂದು ಅಮೆರಿಕದ ವಿಶೇಷ ತಪಾಸಣಾಧಿಕಾರಿಯೇ 2005ರ ಜನವರಿಯಲ್ಲಿ ವರದಿ ಕೊಟ್ಟರು. ವಿಶ್ವಸಂಸ್ಥೆಯ ಪುಸ್ತಕಗಳೂ ನಿಷ್ಕಳಂಕವೆನ್ನುವಂತಿಲ್ಲ. ಎರಡು ಯುದ್ಧಗಳ ನಡುವೆ ಅದು ನಡೆಸಿದ ‘ಆಹಾರಕ್ಕಾಗಿ ತೈಲ’ ಯೋಜನೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಂಪನಿಗಳು ಇರಾಕಿಗೆ ಅಕ್ರಮ ಹಣ ಸಲ್ಲಿಸಿದ್ದವೆಂದು ವೋಲ್ಕರ್ ಸಮಿತಿ 2005ರಲ್ಲಿ ಬಯಲಿಗೆಳೆಯಿತು. ವ್ಯತ್ಯಾಸವಿಷ್ಟೆ: ಸಾಮೂಹಿಕ ಹೊಣೆಯಿದ್ದಲ್ಲಿ ಪ್ರಶ್ನೆ ಕೇಳುವ ಹಕ್ಕು ಅನೇಕರಿಗಿರುತ್ತದೆ; ಒಬ್ಬನೇ ಹೊರಟಲ್ಲಿ ಆತನ ಮನೆಯವರನ್ನು ಬಿಟ್ಟು ಬೇರೆಯವರಿಗೆ ಆ ಹಕ್ಕಿಲ್ಲ.

ಲಾಠಿಯಿಲ್ಲದ ಪೊಲೀಸ್: ಡಾಲರು

ಯುದ್ಧನೌಕೆಗಳಿಗಿಂತ ವ್ಯಾಪಾರಿಗಳಿಗೆ ಹೆಚ್ಚು ತಟ್ಟುವುದು ಆರ್ಥಿಕ ನಿರ್ಬಂಧ. ಜಗತ್ತಿನ ವ್ಯಾಪಾರದ ಬಹುಪಾಲು ಡಾಲರಿನಲ್ಲಿ ನಡೆಯುವುದರಿಂದ, ಡಾಲರ್ ಪಾವತಿಯ ಬಾಗಿಲು ಮುಚ್ಚಿದರೆ ಮೂರನೆಯ ದೇಶದ ಬ್ಯಾಂಕೂ ಹಡಗು ಕಂಪನಿಯೂ ವಿಮಾ ಕಂಪನಿಯೂ ಹಿಂದೆ ಸರಿಯುತ್ತವೆ. ಅಮೆರಿಕದ ನಿರ್ಬಂಧ ಉಲ್ಲಂಘಿಸಿದ್ದಕ್ಕಾಗಿ ಫ್ರಾನ್ಸಿನ ಬಿಎನ್‌ಪಿ ಪರಿಬಾ ಬ್ಯಾಂಕು 2014ರಲ್ಲಿ ಸುಮಾರು 890 ಕೋಟಿ ಡಾಲರ್ ದಂಡ ತೆರಲು ಒಪ್ಪಿದ್ದು ಇದಕ್ಕೆ ನಿದರ್ಶನ.

ಇಲ್ಲಿಯೂ ಕರ್ನಾಟಕದ ಕರಾವಳಿಯೇ ನೇರವಾಗಿ ಸಿಲುಕಿತು. ಮಂಗಳೂರಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರವು ಇರಾನಿನ ಕಚ್ಚಾ ತೈಲದ ಪ್ರಮುಖ ಭಾರತೀಯ ಗ್ರಾಹಕನಾಗಿತ್ತು. 2012ರಲ್ಲಿ ಯೂರೋಪಿನ ವಿಮಾ ಕಂಪನಿಗಳು ಇರಾನಿನ ತೈಲ ಸಾಗಿಸುವ ಹಡಗುಗಳಿಗೆ ರಕ್ಷಣೆ ನಿಲ್ಲಿಸಿದವು. 2013ರಲ್ಲಿ ಮರುವಿಮೆಯ ತೊಡಕಿನಿಂದ ಕೆಲವು ತಿಂಗಳು ಮಂಗಳೂರಿನ ಆಮದೇ ಸ್ಥಗಿತಗೊಂಡಿತು. ತೈಲದ ಬೆಲೆಯ ಶೇಕಡಾ 45ನ್ನು ಕೋಲ್ಕತ್ತಾದ ಯುಕೋ ಬ್ಯಾಂಕಿನಲ್ಲಿ ರೂಪಾಯಿಯಲ್ಲಿ ಜಮಾ ಮಾಡಿ, ಆ ಹಣದಿಂದ ಇರಾನ್ ಅಕ್ಕಿ, ಚಹಾ, ಔಷಧ ಮುಂತಾದವನ್ನು ಭಾರತದಿಂದ ಕೊಳ್ಳುವ ಏರ್ಪಾಡು ಆಗ ಕೈಹಿಡಿಯಿತು.

2015ರ ಅಣು ಒಪ್ಪಂದದ ನಂತರ ಈ ನಿರ್ಬಂಧಗಳು ಸಡಿಲವಾದವು. ಇರಾನ್ ಒಪ್ಪಂದದ ಷರತ್ತುಗಳನ್ನು ಪಾಲಿಸುತ್ತಿದೆಯೆಂದು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ವರದಿಗಳು ಹೇಳುತ್ತಿದ್ದರೂ, 2018ರ ಮೇ ತಿಂಗಳಿನಲ್ಲಿ ಅಮೆರಿಕ ಒಪ್ಪಂದದಿಂದ ಹೊರನಡೆಯಿತು. ಭಾರತಕ್ಕೆ ಕೊಟ್ಟಿದ್ದ ಆರು ತಿಂಗಳ ವಿನಾಯಿತಿ 2019ರ ಮೇ ತಿಂಗಳಿನಲ್ಲಿ ಕೊನೆಗೊಂಡು ತೈಲ ಖರೀದಿ ನಿಂತಿತು. ಖರೀದಿ ನಿಂತೊಡನೆ ರೂಪಾಯಿ ಖಾತೆಗೆ ಒಳಹರಿವೂ ನಿಂತು, ಅಕ್ಕಿ ಮತ್ತು ಚಹಾ ರಫ್ತುದಾರರ ಬಾಕಿ ವಸೂಲಿ ಕಷ್ಟವಾಯಿತು. ಕೋಣಗಳೆರಡು ಕಾದಾಡಿ ಗಿಡಕ್ಕೆ ಮಿತ್ತು ಬಂದಂತಾಯಿತು. ವಿಶ್ವಸಂಸ್ಥೆ ವಿಧಿಸಿದ ನಿರ್ಬಂಧಕ್ಕೂ ಒಂದೇ ದೇಶ ವಿಧಿಸಿದ ನಿರ್ಬಂಧಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಮೊದಲನೆಯದರಲ್ಲಿ ಭಾರತಕ್ಕೆ ಸದಸ್ಯತ್ವದ ಹೊಣೆಯಿದೆ; ಎರಡನೆಯದರಲ್ಲಿ ಬರಿಯ ಪರಿಣಾಮವಷ್ಟೇ ಇದೆ.

ಪೊಲೀಸನೇ ಇಲ್ಲದಿದ್ದರೆ?

ಹಾಗಾದರೆ ಪೊಲೀಸನೇ ಬೇಡವೆಂದು ತೀರ್ಮಾನಿಸಬಹುದೇ? ಹಾಗೆ ತೀರ್ಮಾನಿಸಿದರೂ ಲೆಕ್ಕ ತಪ್ಪುತ್ತದೆ. 2008ರ ಸುಮಾರಿಗೆ ಸೊಮಾಲಿಯದ ಕಡಲ್ಗಳ್ಳರು ಏಡನ್ ಕೊಲ್ಲಿಯಲ್ಲಿ ಹಡಗುಗಳನ್ನು ಹಿಡಿದು ಒತ್ತೆಹಣ ಕೇಳತೊಡಗಿದರು. ಹಡಗು ಉದ್ಯಮದ ಸಂಘಗಳು ‘ಅಧಿಕ ಅಪಾಯದ ವಲಯ’ವೆಂದು ಒಂದು ಗೆರೆ ಎಳೆದವು. 2010ರಲ್ಲಿ ಆ ಗೆರೆಯನ್ನು ಪೂರ್ವ ರೇಖಾಂಶ 78 ಡಿಗ್ರಿಯವರೆಗೆ ವಿಸ್ತರಿಸಿದಾಗ ಮಂಗಳೂರೂ ಸೇರಿದಂತೆ ಭಾರತದ ಪಶ್ಚಿಮ ಕರಾವಳಿಯ ಸಮುದ್ರವೆಲ್ಲ ಅದರೊಳಗೆ ಬಿದ್ದಿತು. ಹಡಗುಗಳ ವಿಮಾ ಕಂತು, ಭದ್ರತಾ ವೆಚ್ಚ ಏರಿತು. ಭಾರತ ಸತತವಾಗಿ ಆಕ್ಷೇಪಿಸಿದ ಮೇಲೆ 2015ರ ಡಿಸೆಂಬರಿನಲ್ಲಿ ಗೆರೆ 65 ಡಿಗ್ರಿಗೆ ಹಿಂದೆ ಸರಿಯಿತು.

ಈ ಪಿಡುಗನ್ನು ಅಡಗಿಸಿದ್ದು ಒಂದೇ ದೇಶವಲ್ಲ. ಭದ್ರತಾ ಮಂಡಳಿಯು 2008ರ ಜೂನಿನಲ್ಲಿ ನಿರ್ಣಯ ಮಾಡಿತು. ಸೊಮಾಲಿಯದ ಸರ್ಕಾರವೂ ಸಮ್ಮತಿಸಿತು. ಅಮೆರಿಕ, ಯೂರೋಪಿನ ಒಕ್ಕೂಟ, ಚೀನ, ಜಪಾನ್ ನೌಕೆಗಳೊಡನೆ ಭಾರತೀಯ ನೌಕಾದಳವೂ ಅದೇ ವರ್ಷದ ಅಕ್ಟೋಬರಿನಿಂದ ಬೆಂಗಾವಲು ಕೊಟ್ಟಿತು. ಪರಸ್ಪರ ಸಂಶಯದಿಂದ ನೋಡುವ ದೇಶಗಳೂ ಒಂದೇ ಸಮುದ್ರಮಾರ್ಗವನ್ನು ಕಾದವು. 2013ರ ವೇಳೆಗೆ ದಾಳಿಗಳು ಬಹುಮಟ್ಟಿಗೆ ಇಳಿದವು.

ಇದಕ್ಕೆ ವ್ಯತಿರಿಕ್ತವಾದುದು ಕೆಂಪು ಸಮುದ್ರದ ಅನುಭವ. 2023ರ ನವೆಂಬರಿನಿಂದ ಯೆಮೆನ್‌ನ ಹೂತಿ ಬಂಡುಕೋರರು ವ್ಯಾಪಾರಿ ಹಡಗುಗಳ ಮೇಲೆ ದಾಳಿ ಆರಂಭಿಸಿದರು. ಡಿಸೆಂಬರಿನಲ್ಲಿ ಅಮೆರಿಕ ನೌಕಾ ಕಾರ್ಯಾಚರಣೆ ಪ್ರಕಟಿಸಿತು. 2024ರ ಜನವರಿಯಿಂದ ಬಾಂಬ್ ದಾಳಿಯನ್ನೂ ನಡೆಸಿತು. ಆದರೂ ದೊಡ್ಡ ಹಡಗು ಕಂಪನಿಗಳು ಸೂಯೆಜ್ ಕಾಲುವೆಯನ್ನು ಬಿಟ್ಟು ಆಫ್ರಿಕದ ತುದಿಯನ್ನು ಬಳಸಿಯೇ ಸಾಗಿದವು. ಪ್ರಯಾಣಕ್ಕೆ ಹತ್ತರಿಂದ ಹದಿನಾಲ್ಕು ದಿನ ಹೆಚ್ಚಾಯಿತು. ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70 ಬೆಳೆಯುವುದು ಕರ್ನಾಟಕದಲ್ಲಿ. ಇಟಲಿ, ಜರ್ಮನಿ ಅದರ ದೊಡ್ಡ ಗ್ರಾಹಕರು. ಕೊಡಗು, ಚಿಕ್ಕಮಗಳೂರು, ಹಾಸನದ ರಫ್ತುದಾರರಿಗೆ ಸಾಗಣೆ ದರದ ಏರಿಕೆಯೂ ಹಣ ಕೈಸೇರುವ ವಿಳಂಬವೂ ಒಟ್ಟಿಗೇ ಬಂದವು. ಎಷ್ಟೇ ಬಲಶಾಲಿಯಾದರೂ ಪೊಲೀಸನ ಭರವಸೆಯನ್ನು ವಿಮಾ ಕಂಪನಿ ನಂಬದಿದ್ದರೆ ವ್ಯಾಪಾರಕ್ಕೆ ಅದರಿಂದ ಪ್ರಯೋಜನವಿಲ್ಲ.

ಶಿಲ್ಕು ಏನು?

ಜಮಾ-ಖರ್ಚುಗಳನ್ನು ಎದುರುಬದುರು ಇರಿಸಿದರೆ ದೊರೆಯುವ ನಿಷ್ಕರ್ಷೆ ಹೀಗಿದೆ. ಸಮುದ್ರಮಾರ್ಗದ ಭದ್ರತೆಯು ಎಲ್ಲರಿಗೂ ಬೇಕಾದ ಸೇವೆ. ಅದನ್ನು ಒದಗಿಸಲು ಬಲಿಷ್ಠ ನೌಕಾದಳಗಳೂ ಬೇಕು. 2024ರಲ್ಲಿ ಹಾರ್ಮುಜ್ ಜಲಸಂಧಿಯೊಂದರ ಮೂಲಕವೇ ಜಗತ್ತಿನ ತೈಲ ಬಳಕೆಯ ಸುಮಾರು ಐದನೆಯ ಒಂದು ಭಾಗ ಸಾಗಿತು. ಹೀಗಿರುವಾಗ ಕಾವಲೇ ಬೇಡವೆನ್ನುವುದು ವ್ಯಾಪಾರಿಯ ಮಾತಾಗದು. ಆದರೆ ಸೇವೆ ಬೇಕೆಂಬುದರಿಂದ ಸೇವಕನೇ ಕಾನೂನು ಮಾಡಬಹುದೆಂಬ ಅರ್ಥ ಹೊರಡುವುದಿಲ್ಲ. ಓಚರ್ ಬರೆದವನೇ ಅದನ್ನು ಮಂಜೂರು ಮಾಡಬಾರದು, ನಗದು ಇಟ್ಟುಕೊಂಡವನೇ ಲೆಕ್ಕ ತಪಾಸಣೆ ಮಾಡಬಾರದು ಎಂಬುದು ಸಣ್ಣ ಸಹಕಾರ ಸಂಘಕ್ಕೂ ಅನ್ವಯಿಸುವ ನಿಯಮ. 1991ರಲ್ಲಿ ಈ ನಿಯಮ ಬಹುಮಟ್ಟಿಗೆ ಪಾಲನೆಯಾಯಿತು, 2003ರಲ್ಲಿ ಆಗಲಿಲ್ಲ. ಎರಡರ ಫಲಿತಾಂಶದಲ್ಲಿ ಕಂಡ ಅಂತರ ಆಕಸ್ಮಿಕವಲ್ಲ. ಅಂಕೆಯಿಲ್ಲದ ಪೊಲೀಸನೆಂದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಭದ್ರತಾ ಮಂಡಳಿಯ ವ್ಯವಸ್ಥೆ ದೋಷರಹಿತವೆಂದು ಇದರ ಅರ್ಥವಲ್ಲ. ಐದು ದೇಶಗಳ ವಿಟೋ ಅಧಿಕಾರದಿಂದ ಅದು ಎಷ್ಟೋ ಬಾರಿ ಕೈಕಟ್ಟಿ ಕುಳಿತದ್ದುಂಟು. ಲೆಕ್ಕಪರಿಶೋಧಕ ಅಸಮರ್ಥನೆಂದು ಕಂಡರೆ ಬೇರೊಬ್ಬನನ್ನು ನೇಮಿಸಬೇಕೇ ಹೊರತು ಪರಿಶೋಧನೆಯನ್ನೇ ಕೈಬಿಡುವುದು ಪರಿಹಾರವಲ್ಲ. ಇರಾಕಿಗೆ ಸೇನೆ ಕಳುಹಿಸಬೇಕೆಂಬ ಅಮೆರಿಕದ ಕೋರಿಕೆ ಬಂದಾಗ, 2003ರ ಜುಲೈ 14ರಂದು ವಾಜಪೇಯಿ ಸರ್ಕಾರವು ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಅದು ಸಾಧ್ಯವಿಲ್ಲವೆಂದು ತಿಳಿಸಿತು. ಐದು ವರ್ಷಗಳ ಬಳಿಕ ಏಡನ್ ಕೊಲ್ಲಿಗೆ ಭಾರತ ತಾನಾಗಿಯೇ ನೌಕೆ ಕಳುಹಿಸಿತು. ಎರಡೂ ನಿರ್ಧಾರಗಳ ಹಿಂದಿರುವ ತತ್ತ್ವ ಒಂದೇ: ಕಾವಲಿಗೆ ಸಿದ್ಧ, ಆದರೆ ಅಧಿಕಾರಪತ್ರವಿರಬೇಕು.

ಇಂತಹ ವ್ಯವಸ್ಥೆ ಪೂರ್ಣವಾಗಿ ನೆಲೆಗೊಳ್ಳುವವರೆಗೆ ವ್ಯಾಪಾರಿಯು ತನ್ನ ರಕ್ಷಣೆಯನ್ನು ತಾನೇ ನೋಡಿಕೊಳ್ಳಬೇಕಾಗುತ್ತದೆ. ಈ ದೃಷ್ಟಿಯಿಂದ ರಫ್ತು-ಆಮದುದಾರರು ಕೆಳಗಿನ ಅಂಶಗಳನ್ನು ಗಮನಿಸುವುದು ಉಚಿತ:

1. ಮಾರಾಟದ ಕರಾರಿನಲ್ಲಿ ಯುದ್ಧ ಅಥವಾ ನಿರ್ಬಂಧದ ಕಾರಣ ಸಾಗಣೆ ದರ ಮತ್ತು ವಿಮಾ ಕಂತು ಏರಿದರೆ ಹೆಚ್ಚಳವನ್ನು ಭರಿಸುವವರು ಯಾರೆಂಬುದನ್ನು ಸ್ಪಷ್ಟವಾಗಿ ಬರೆಯತಕ್ಕದ್ದು.

2. ಸಾಮಾನ್ಯ ಸರಕು ವಿಮೆಯಲ್ಲಿ ಯುದ್ಧದ ಅಪಾಯ ಸೇರಿರುವುದಿಲ್ಲ. ಅದಕ್ಕೆ ಪ್ರತ್ಯೇಕ ರಕ್ಷಣೆ ಪಡೆಯಬೇಕು.

3. ಸರಕು ಸುತ್ತುಬಳಸಿ ಹೋಗುವ ಸಂಭವವಿದ್ದರೆ ಲೆಟರ್ ಆಫ್ ಕ್ರೆಡಿಟ್ಟಿನ ಅವಧಿಯನ್ನೂ ದುಡಿಯುವ ಬಂಡವಾಳದ ಅಂದಾಜನ್ನೂ ಅದಕ್ಕೆ ಹೊಂದಿಸಿಕೊಳ್ಳಬೇಕು.

4. ಗ್ರಾಹಕ, ಆತನ ಬ್ಯಾಂಕು, ಹಡಗು ಇವುಗಳಲ್ಲಿ ಯಾವುದಾದರೂ ನಿರ್ಬಂಧದ ಪಟ್ಟಿಯಲ್ಲಿದೆಯೇ ಎಂಬುದನ್ನು ಸರಕು ಹೊರಡುವ ಮೊದಲೇ ಬ್ಯಾಂಕಿನ ಮೂಲಕ ಪರಿಶೀಲಿಸಿಕೊಳ್ಳಬೇಕು.

5. ಒಂದೇ ದೇಶದ ಒಬ್ಬನೇ ಗ್ರಾಹಕನನ್ನು ನಂಬಿ ದೊಡ್ಡ ಬಂಡವಾಳ ಹೂಡುವ ಮುನ್ನ, ಆ ದೇಶದ ಸ್ಥಿರತೆಯು ಆತನ ಸ್ವಂತ ಕಾಲಿನ ಮೇಲೆ ನಿಂತಿದೆಯೋ ಅಥವಾ ಮತ್ತೊಬ್ಬರ ಬಲದ ಮೇಲೆ ನಿಂತಿದೆಯೋ ಎಂಬುದನ್ನು ವಿಚಾರಿಸಿಕೊಳ್ಳಬೇಕು.

ಈ ಐದನೆಯ ಅಂಶಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಪಣಂಬೂರಿನ ಪೆಲೆಟ್ ಸ್ಥಾವರವೇ ಸಾಕು.